ಒಂದೇ ಸರ್ಕ್ಯೂಟ್, ಎರಡು ಟ್ರಾನ್ಸ್‌ಫಾರ್ಮ್: ಲ್ಯಾಪ್ಲಾಸ್ ಮತ್ತು ಝಡ್ ಬಳಸುವುದು ಹೇಗೆ?

ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಒಂದು ಸೆಮಿಸ್ಟರ್‌ನಲ್ಲಿ, ಝಡ್ ಟ್ರಾನ್ಸ್‌ಫಾರ್ಮ್ ಇನ್ನೊಂದರಲ್ಲಿ. ಎರಡಕ್ಕೂ ಉದ್ದುದ್ದ ಸೂತ್ರಗಳ ಪಟ್ಟಿ. ಬಾಯಿಪಾಠ ಮಾಡಿ ಪಾಸಾದವರಿಗೂ ಒಂದು ಫಿಲ್ಟರ್ ಕೊಟ್ಟು "ಇದನ್ನ ಮೈಕ್ರೊಕಂಟ್ರೋಲರ್ ಕೋಡ್ ಆಗಿ ಬರೀರಿ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ತೋಚುವುದಿಲ್ಲ. ಎರಡೂ ಒಂದೇ ಉಪಾಯ ಅನ್ನುವುದನ್ನು ಯಾರೂ ಜೋಡಿಸಿ ತೋರಿಸಿರುವುದಿಲ್ಲ, ಅದೇ ಕಾರಣ. ಇಲ್ಲಿ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಇರುವ ಸರ್ಕ್ಯೂಟ್ ಹಿಡಿದು, ಕಾಗದದ ಲೆಕ್ಕದಿಂದ ಕೋಡ್‌ವರೆಗೂ ಹೋಗೋಣ. ಕ್ಯಾಲ್ಕುಲಸ್ ಸ್ವಲ್ಪ, ಕಾಂಪ್ಲೆಕ್ಸ್ ಸಂಖ್ಯೆಗಳ ಪರಿಚಯ ಸ್ವಲ್ಪ ಇದ್ದರೆ ಸಾಕು.

ಬರವಣಿಗೆಯ ಬಗ್ಗೆ ಒಂದು ಮಾತು. ಟಿ ಅಂದರೆ ಸಮಯ, ಎನ್ ಅಂದರೆ ಸ್ಯಾಂಪಲ್‌ನ ಕ್ರಮಸಂಖ್ಯೆ, ಎಕ್ಸ್ ಅಂದರೆ ಇನ್‌ಪುಟ್, ವೈ ಅಂದರೆ ಔಟ್‌ಪುಟ್, ಡೆಲ್ಟಾ ಅಂದರೆ ಎರಡು ಸ್ಯಾಂಪಲ್‌ಗಳ ನಡುವಿನ ಸಮಯ. ಇ ಅಂದರೆ 2.718 ಅನ್ನುವ ಆ ಸಂಖ್ಯೆ, ಜೆ ಅಂದರೆ −1ರ ವರ್ಗಮೂಲ. ಎಸ್ ಮತ್ತು ಝಡ್ ಕಾಂಪ್ಲೆಕ್ಸ್ ಸಂಖ್ಯೆಗಳು, ವೈ(ಎಸ್) ಅಥವಾ ವೈ(ಝಡ್) ಅಂದರೆ ಟ್ರಾನ್ಸ್‌ಫಾರ್ಮ್ ಆದಮೇಲಿನ ವೈ. ^ ಗುರುತು ಘಾತಕ್ಕೆ.

ಹಂತ 1: ಯಾವುದಕ್ಕೆ ಯಾವುದು

ಸಿಗ್ನಲ್ ಎಲ್ಲ ಕ್ಷಣದಲ್ಲೂ ಇದ್ದರೆ, ಅಂದರೆ ವೋಲ್ಟೇಜ್, ವೇಗ, ತಾಪಮಾನದಂಥದ್ದಾದರೆ, ಲ್ಯಾಪ್ಲಾಸ್. ಅದನ್ನು ಅಳೆದು ಸಂಖ್ಯೆಗಳ ಸಾಲು ಮಾಡಿಕೊಂಡಿದ್ದರೆ ಝಡ್. ಎರಡರಲ್ಲೂ ಒಂದು ಷರತ್ತು ಇದೆ. ವ್ಯವಸ್ಥೆ ಲೀನಿಯರ್ ಆಗಿರಬೇಕು (ಇನ್‌ಪುಟ್‌ಗಳನ್ನು ಕೂಡಿದರೆ ಔಟ್‌ಪುಟ್‌ಗಳೂ ಹಾಗೆಯೇ ಕೂಡಬೇಕು), ಅದರ ಗುಣ ಸಮಯದ ಜೊತೆ ಬದಲಾಗಬಾರದು. ಡಯೋಡ್ ಇರುವ ಸರ್ಕ್ಯೂಟ್‌ಗೆ ಇದನ್ನು ನೇರವಾಗಿ ಹಚ್ಚಲು ಹೋಗಬೇಡಿ.

ಲ್ಯಾಪ್ಲಾಸ್‌ನಲ್ಲಿ ಎಕ್ಸ್(ಟಿ)ಯನ್ನು ಇ^(−ಎಸ್·ಟಿ)ಯಿಂದ ಗುಣಿಸಿ 0ಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡುತ್ತೇವೆ. ಝಡ್‌ನಲ್ಲಿ ಎಕ್ಸ್[ಎನ್] ಅನ್ನು ಝಡ್^(−ಎನ್)ನಿಂದ ಗುಣಿಸಿ ಎಲ್ಲವನ್ನೂ ಕೂಡುತ್ತೇವೆ. ಮೊದಲನೆಯದರಲ್ಲಿ ಇಂಟಿಗ್ರಲ್, ಎರಡನೆಯದರಲ್ಲಿ ಮೊತ್ತ. ಇ^(ಎಸ್·ಡೆಲ್ಟಾ) ಅನ್ನುವುದಕ್ಕೆ ಝಡ್ ಅಂತ ಹೆಸರಿಟ್ಟು ನೋಡಿ, ಎರಡೂ ಒಂದೇ ಆಕಾರಕ್ಕೆ ಬರುತ್ತವೆ. ಈ ಒಂದು ಸಾಲು ನೆನಪಿಟ್ಟುಕೊಳ್ಳಿ. ಮುಂದೆ ಪದೇ ಪದೇ ಬೇಕಾಗುತ್ತದೆ.

ಲ್ಯಾಪ್ಲಾಸ್ ಬದುಕಿದ್ದು 1749ರಿಂದ 1827ರವರೆಗೆ. ಆದರೆ ಸರ್ಕ್ಯೂಟ್ ಬಿಡಿಸಲು ಇಂಥ ದಾರಿಯನ್ನು ಬಳಕೆಗೆ ತಂದವರು 19ನೇ ಶತಮಾನದ ಕೊನೆಯಲ್ಲಿ ಆಲಿವರ್ ಹೆವಿಸೈಡ್. ಡೆರಿವೇಟಿವ್ ಬದಲು ಒಂದು ಅಕ್ಷರ ಬರೆದು ಬೀಜಗಣಿತದಂತೆ ಲೆಕ್ಕ ಮಾಡಿಬಿಡುತ್ತಿದ್ದರು, ಗಣಿತಜ್ಞರು ಗೊಣಗಿದರೂ ಬಿಡಲಿಲ್ಲ. ಝಡ್‌ಗೆ ಇವತ್ತಿನ ಹೆಸರು ಸಿಕ್ಕಿದ್ದು 1952ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ರಗಾಝಿನಿ ಮತ್ತು ಝಾದೆ ಅವರ ಕೆಲಸದಿಂದ.

ಹಂತ 2: ಸಮೀಕರಣ ಬರೆಯಿರಿ, ಎಸ್‌ಗೆ ದಾಟಿಸಿ

10 ಕಿಲೊಓಮ್ ರೆಸಿಸ್ಟರ್, 10 ಮೈಕ್ರೊಫ್ಯಾರಡ್ ಕೆಪಾಸಿಟರ್. ಗುಣಿಸಿದರೆ 0.1 ಸೆಕೆಂಡ್. ಇದೇ ಸರ್ಕ್ಯೂಟ್‌ನ ಟೈಮ್ ಕಾನ್‌ಸ್ಟಂಟ್. ಔಟ್‌ಪುಟ್ ಅನ್ನು ಕೆಪಾಸಿಟರ್ ಮೇಲೆ ಅಳೆದರೆ ಸಮೀಕರಣ ಹೀಗೆ:

0.1 × (ವೈನ ಬದಲಾವಣೆಯ ದರ) + ವೈ = ಎಕ್ಸ್

ಈಗ ಇಡೀ ಲ್ಯಾಪ್ಲಾಸ್‌ನಲ್ಲಿ ಅತ್ಯಂತ ಉಪಯೋಗದ ನಿಯಮ ಬಳಸಿ: ಡೆರಿವೇಟಿವ್ ಇದ್ದ ಕಡೆ ಎಸ್·ವೈ(ಎಸ್) − ವೈ(0) ಬರೆಯಿರಿ. ಇಲ್ಲಿನ ವೈ(0) ಅಂದರೆ ಶುರುವಿನಲ್ಲಿ ಕೆಪಾಸಿಟರ್ ಮೇಲಿದ್ದ ವೋಲ್ಟೇಜ್. ಅದು ಸೊನ್ನೆ ಅಂತಿಟ್ಟುಕೊಂಡು, ಎಲ್ಲವನ್ನೂ 10ರಿಂದ ಗುಣಿಸಿದರೆ:

(ಎಸ್ + 10)·ವೈ(ಎಸ್) = 10·ಎಕ್ಸ್(ಎಸ್)

ಔಟ್‌ಪುಟ್ ಅನ್ನು ಇನ್‌ಪುಟ್‌ನಿಂದ ಭಾಗಿಸಿದರೆ 10/(ಎಸ್ + 10). ಇದು ಟ್ರಾನ್ಸ್‌ಫರ್ ಫಂಕ್ಷನ್. ಡಿಫರೆನ್ಶಿಯಲ್ ಸಮೀಕರಣ ಹೋಗಿ ಒಂದು ಭಿನ್ನರಾಶಿ ಉಳಿಯಿತು, ಅಷ್ಟೇ.

ಹಂತ 3: ಬಿಡಿಸುವ ಮೊದಲು ಪೋಲ್ ನೋಡಿ

ಹೆಚ್ಚಿನವರು ಈ ಹಂತವನ್ನು ಹಾರಿಸಿ ಸೀದಾ ಇನ್ವರ್ಸ್‌ಗೆ, ಅಂದರೆ ಎಸ್‌ನಿಂದ ಸಮಯಕ್ಕೆ ವಾಪಸ್ ಹೋಗಲು, ಕೈಹಾಕುತ್ತಾರೆ. ನನ್ನ ಪ್ರಕಾರ ಕೆಲಸದ ಮುಕ್ಕಾಲು ಪಾಲು ಇಲ್ಲೇ ಮುಗಿಯುತ್ತದೆ.

ಛೇದವನ್ನು ಸೊನ್ನೆ ಮಾಡುವ ಎಸ್‌ನ ಬೆಲೆಯೇ ಪೋಲ್. ನಮ್ಮದರಲ್ಲಿ −10. ಪೋಲ್ ಇರುವುದು ಎಡಗಡೆ, ಅಂದರೆ ರಿಯಲ್ ಭಾಗ ಋಣ. ಹಾಗಾಗಿ ಒಳಗಿನ ಗಲಾಟೆ ಇ^(−10ಟಿ) ಪ್ರಕಾರ ತಣ್ಣಗಾಗುತ್ತದೆ, ವ್ಯವಸ್ಥೆ ಸ್ಥಿರ. ಪೋಲ್ ಬಲಗಡೆ ಇದ್ದರೆ ಔಟ್‌ಪುಟ್ ಬೆಳೆಯುತ್ತಲೇ ಹೋಗುತ್ತದೆ. ಸರಿಯಾಗಿ ನಡುಗೆರೆಯ ಮೇಲೆ ಒಂಟಿಯಾಗಿ ಇದ್ದರೆ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಪೋಲ್‌ಗೆ ಇಮ್ಯಾಜಿನರಿ ಭಾಗವೂ ಇದ್ದರೆ ಔಟ್‌ಪುಟ್ ಓಲಾಡುತ್ತದೆ.

ಉದಾಹರಣೆಗೆ 5/(ಎಸ್² + 2ಎಸ್ + 5) ನೋಡಿ. ಪೋಲ್‌ಗಳು −1 + 2ಜೆ ಮತ್ತು −1 − 2ಜೆ. ಇನ್ನೇನೂ ಲೆಕ್ಕ ಮಾಡದೆ ಹೇಳಬಹುದು: ಸೆಕೆಂಡಿಗೆ 2 ರೇಡಿಯನ್ ವೇಗದಲ್ಲಿ ಓಲಾಡುತ್ತದೆ, ಆ ಓಲಾಟ ಇ^(−ಟಿ) ಪ್ರಕಾರ ಸಾಯುತ್ತದೆ. ಸುಮಾರು 5 ಸೆಕೆಂಡಿಗೆ ಶೇ. 1ಕ್ಕಿಂತ ಕಡಿಮೆ ಉಳಿದಿರುತ್ತದೆ. ಎಷ್ಟೋ ಸಲ ನಮಗೆ ಬೇಕಿರುವ ಉತ್ತರವೇ ಇಷ್ಟು, ಅಲ್ವಾ?

ಹಂತ 4: ಸಮಯಕ್ಕೆ ವಾಪಸ್

ಆದರೂ ಪೂರ್ತಿ ಔಟ್‌ಪುಟ್ ಬೇಕು ಅಂದುಕೊಳ್ಳಿ. ಟಿ = 0ಯಲ್ಲಿ 1 ವೋಲ್ಟ್ ಹಾಕಿದೆವು. ಹೀಗೆ ಒಮ್ಮೆಗೇ 0ಯಿಂದ 1ಕ್ಕೆ ಏರಿ ನಿಲ್ಲುವ ಇನ್‌ಪುಟ್‌ಗೆ ಸ್ಟೆಪ್ ಅನ್ನುತ್ತಾರೆ, ಅದರ ಲ್ಯಾಪ್ಲಾಸ್ 1/ಎಸ್. ಆದ್ದರಿಂದ ವೈ(ಎಸ್) = 10/(ಎಸ್(ಎಸ್ + 10)). ಇದನ್ನು ಪಾರ್ಶಿಯಲ್ ಫ್ರ್ಯಾಕ್ಷನ್ ಆಗಿ, ಅಂದರೆ ಸಣ್ಣ ಭಿನ್ನರಾಶಿಗಳ ಮೊತ್ತವಾಗಿ, ಒಡೆಯಬೇಕು.

ಒಡೆಯಲು ಸುಲಭದ ದಾರಿ ಇದೆ. ಛೇದದ ಎಸ್ ಅನ್ನು ಬೆರಳಲ್ಲಿ ಮುಚ್ಚಿ, ಉಳಿದದ್ದರಲ್ಲಿ ಎಸ್ = 0 ಹಾಕಿ: 10/10 = 1. ಈಗ (ಎಸ್ + 10) ಮುಚ್ಚಿ, ಉಳಿದದ್ದರಲ್ಲಿ ಎಸ್ = −10 ಹಾಕಿ: 10/(−10) = −1. ಹಾಗಾಗಿ ವೈ(ಎಸ್) = 1/ಎಸ್ − 1/(ಎಸ್ + 10). ಪಟ್ಟಿಯಲ್ಲಿ 1/(ಎಸ್ + ಎ)ಗೆ ಇ^(−ಎ·ಟಿ) ಇದೆ. ಉತ್ತರ ವೈ(ಟಿ) = 1 − ಇ^(−10ಟಿ). 0.1 ಸೆಕೆಂಡಿಗೆ 0.632 ವೋಲ್ಟ್, 0.5 ಸೆಕೆಂಡಿಗೆ 0.993 ವೋಲ್ಟ್.

ಕೆಪಾಸಿಟರ್‌ನಲ್ಲಿ ಮೊದಲೇ 0.4 ವೋಲ್ಟ್ ಇದ್ದಿದ್ದರೆ? ಹಂತ 2ರಲ್ಲಿ ಬಿಟ್ಟ ವೈ(0) ವಾಪಸ್ ಬಂದು 0.4/(ಎಸ್ + 10) ಅನ್ನುವ ಪದ ಸೇರುತ್ತದೆ. ಉತ್ತರ 1 − 0.6·ಇ^(−10ಟಿ) ಆಗುತ್ತದೆ. ಹಳೇ ಪದ್ಧತಿಯಲ್ಲಿ ಮೊದಲು ಸಾಮಾನ್ಯ ಪರಿಹಾರ ಹುಡುಕಿ ಆಮೇಲೆ ಸ್ಥಿರಾಂಕ ಹೊಂದಿಸಬೇಕು. ಇಲ್ಲಿ ಶುರುವಿನ ಸ್ಥಿತಿ ತಾನಾಗಿಯೇ ಒಳಗೆ ಬಂದುಬಿಡುತ್ತದೆ.

ಕಾಂಪ್ಲೆಕ್ಸ್ ಪೋಲ್ ಇದ್ದಾಗ ಬಿಡಿಬಿಡಿಯಾಗಿ ಒಡೆಯಲು ಹೋದರೆ ಜೆಗಳ ಕಾಡಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಬದಲಿಗೆ ವರ್ಗ ಪೂರ್ಣ ಮಾಡಿ. ಮೇಲಿನ ಎರಡನೇ ಉದಾಹರಣೆಗೆ ಸ್ಟೆಪ್ ಕೊಟ್ಟರೆ 5/(ಎಸ್(ಎಸ್² + 2ಎಸ್ + 5)) ಬರುತ್ತದೆ. ಇದು 1/ಎಸ್ − (ಎಸ್ + 2)/(ಎಸ್² + 2ಎಸ್ + 5)ಕ್ಕೆ ಸಮ. ಎರಡನೇ ಪದದ ಛೇದವನ್ನು (ಎಸ್ + 1)² + 4 ಅಂತಲೂ, ಅಂಶವನ್ನು (ಎಸ್ + 1) + 1 ಅಂತಲೂ ಬರೆಯಿರಿ. ಮೊದಲ ತುಂಡು ಕೊಸೈನ್, ಎರಡನೆಯದು ಸೈನ್:

ವೈ(ಟಿ) = 1 − ಇ^(−ಟಿ)·(ಕಾಸ್ 2ಟಿ + 0.5 ಸೈನ್ 2ಟಿ)

ಇದರ ತುದಿ ಬರುವುದು ಟಿ = ಪೈ/2ರಲ್ಲಿ, ಸುಮಾರು 1.57 ಸೆಕೆಂಡಿಗೆ. ಆಗ ಬೆಲೆ 1.208. ಗುರಿ ದಾಟಿ ಶೇ. 21ರಷ್ಟು ಮೇಲೆ ಹೋಗಿ ವಾಪಸ್ ಬರುತ್ತದೆ.

ಉತ್ತರ ಸರಿಯಾ ಅಂತ ನೋಡಲು ಫೈನಲ್ ವ್ಯಾಲ್ಯೂ ಥಿಯರಂ ಇದೆ: ಎಸ್·ವೈ(ಎಸ್)ನಲ್ಲಿ ಎಸ್ ಅನ್ನು 0ಗೆ ಒಯ್ದರೆ ಕೊನೆಗೆ ನಿಲ್ಲುವ ಬೆಲೆ ಸಿಗುತ್ತದೆ. ಎರಡೂ ಉದಾಹರಣೆಗಳಲ್ಲಿ 1 ಬರುತ್ತದೆ. ಆದರೆ ಇದನ್ನು ಕಣ್ಣುಮುಚ್ಚಿ ಬಳಸಬೇಡಿ. 1/(ಎಸ್ − 1)ಕ್ಕೆ ಹಚ್ಚಿದರೆ 0 ಅಂತ ಹೇಳುತ್ತದೆ. ನಿಜವಾದ ಸಿಗ್ನಲ್ ಇ^(ಟಿ), ಅನಂತಕ್ಕೆ ಓಡುತ್ತಿರುತ್ತದೆ. ಎಸ್·ವೈ(ಎಸ್)ನ ಎಲ್ಲ ಪೋಲ್‌ಗಳೂ ಎಡಗಡೆ ಇದ್ದಾಗ ಮಾತ್ರ ಈ ಥಿಯರಂ ನಂಬಿ.

ಹಂತ 5: ಸ್ಯಾಂಪಲ್‌ಗಳ ಲೋಕ

ಝಡ್‌ನಲ್ಲಿ ಡೆರಿವೇಟಿವ್ ಇಲ್ಲ, ತಡ ಇದೆ. ಒಂದು ಸ್ಯಾಂಪಲ್ ತಡ ಅಂದರೆ ಝಡ್^(−1)ನಿಂದ ಗುಣಿಸುವುದು. ಶುರುವಿನಲ್ಲಿ ಎಲ್ಲ ಸೊನ್ನೆ ಅಂತಾದರೆ ಇಷ್ಟೇ ನಿಯಮ. ಪಟ್ಟಿಯಲ್ಲಿ ಮುಖ್ಯವಾದ ಜೋಡಿ ಒಂದೇ: ಎ^ಎನ್ ಅನ್ನುವ ಸಾಲಿಗೆ ಝಡ್/(ಝಡ್ − ಎ). ಎ = 1 ಹಾಕಿದರೆ ಸ್ಟೆಪ್ ಸಿಗುತ್ತದೆ.

ಇನ್ವರ್ಸ್ ಮಾಡುವಾಗ ಒಂದು ಸಣ್ಣ ಕೈಚಳಕ ಬೇಕು. ಒಂದು ವ್ಯವಸ್ಥೆಯ ಔಟ್‌ಪುಟ್ ವೈ(ಝಡ್) = ಝಡ್/((ಝಡ್ − 1)(ಝಡ್ − 0.5)) ಅಂತ ಬಂತು ಅನ್ನಿ. ಇದನ್ನು ನೇರವಾಗಿ ಒಡೆದರೆ ಪಟ್ಟಿಯ ಜೋಡಿಗೆ ಹೊಂದುವುದಿಲ್ಲ. ಅಲ್ಲಿ ಅಂಶದಲ್ಲಿ ಝಡ್ ಇರಬೇಕು. ಅದಕ್ಕೇ ಮೊದಲು ಎರಡೂ ಕಡೆ ಝಡ್‌ನಿಂದ ಭಾಗಿಸಿ, ಆಮೇಲೆ ಒಡೆಯಿರಿ: 2/(ಝಡ್ − 1) − 2/(ಝಡ್ − 0.5). ಈಗ ಝಡ್ ಅನ್ನು ವಾಪಸ್ ಗುಣಿಸಿ. ಉತ್ತರ ವೈ[ಎನ್] = 2 − 2 × 0.5^ಎನ್. ಸಾಲಾಗಿ 0, 1, 1.5, 1.75. ಖಾತ್ರಿಗೆ ಅಂಶವನ್ನು ಛೇದದಿಂದ ಉದ್ದ ಭಾಗಾಕಾರ ಮಾಡಿ. ಝಡ್^(−1) + 1.5·ಝಡ್^(−2) + 1.75·ಝಡ್^(−3) ಅಂತ ಅದೇ ಸಂಖ್ಯೆಗಳು ಬೀಳುತ್ತವೆ. ಪರೀಕ್ಷೆಯಲ್ಲಿ ಸಮಯ ಇದ್ದರೆ ಈ ಭಾಗಾಕಾರ ಮಾಡದೆ ಎದ್ದು ಬರಬೇಡಿ.

ಸ್ಥಿರತೆಗೆ ಇಲ್ಲಿ ಎಡ-ಬಲ ಇಲ್ಲ, ಒಳಗೆ-ಹೊರಗೆ. ಪೋಲ್‌ನ ಅಳತೆ 1ಕ್ಕಿಂತ ಕಡಿಮೆ ಇದ್ದು ಯುನಿಟ್ ಸರ್ಕಲ್ (ಸೊನ್ನೆಯ ಸುತ್ತ 1 ತ್ರಿಜ್ಯದ ವೃತ್ತ) ಒಳಗೆ ಬಿದ್ದರೆ ಸ್ಥಿರ. ಯಾಕೆ ಅಂತ ಕೇಳಿದರೆ, ಹಂತ 1ರ ಸಾಲು ನೆನಪಿಸಿಕೊಳ್ಳಿ. ಝಡ್ = ಇ^(ಎಸ್·ಡೆಲ್ಟಾ). ಎಸ್‌ನ ರಿಯಲ್ ಭಾಗ ಋಣ ಆದರೆ ಝಡ್‌ನ ಅಳತೆ 1ಕ್ಕಿಂತ ಕಡಿಮೆಯಾಗಲೇಬೇಕು. ಎಡ ಅರ್ಧ ಪೂರ್ತಿ ಈ ವೃತ್ತದೊಳಗೆ ಬಂದು ಕೂರುತ್ತದೆ.

ಅದೇ ಸಾಲು ಅಲಿಯಾಸಿಂಗ್ ಅನ್ನೂ, ಅಂದರೆ ಸ್ಯಾಂಪಲ್ ಆದಮೇಲೆ ಬೇರೆ ಬೇರೆ ಫ್ರೀಕ್ವೆನ್ಸಿಗಳು ಒಂದೇ ಥರ ಕಾಣುವುದನ್ನೂ, ವಿವರಿಸುತ್ತದೆ. ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದುಕೊಂಡರೆ 50 ಹರ್ಟ್ಸ್ ವೃತ್ತದ ಮೇಲೆ 18 ಡಿಗ್ರಿಯಲ್ಲಿ ಕೂರುತ್ತದೆ. 1050 ಹರ್ಟ್ಸ್ ಒಂದು ಪೂರ್ತಿ ಸುತ್ತು ಹಾಕಿ ಮತ್ತೆ ಅದೇ 18 ಡಿಗ್ರಿಗೆ ಬರುತ್ತದೆ. ಒಮ್ಮೆ ಸ್ಯಾಂಪಲ್ ಆದಮೇಲೆ ಇವೆರಡನ್ನು ಬೇರೆ ಮಾಡಲು ಯಾವ ಲೆಕ್ಕಕ್ಕೂ ಆಗುವುದಿಲ್ಲ. ಆ ಕೆಲಸ ಸ್ಯಾಂಪಲ್ ಮಾಡುವ ಮೊದಲೇ ಅನಲಾಗ್ ಫಿಲ್ಟರ್‌ನಲ್ಲಿ ಆಗಬೇಕು.

ಹಂತ 6: ಎಸ್‌ನಿಂದ ಝಡ್‌ಗೆ ಸೇತುವೆ

ನಮ್ಮ ಸರ್ಕ್ಯೂಟ್‌ಗೆ ಮರಳೋಣ. ಡೆಲ್ಟಾ = 0.01 ಸೆಕೆಂಡ್ ಇರಲಿ. ಪೋಲ್ −10, ಹಾಗಾಗಿ ಝಡ್‌ನಲ್ಲಿ ಪೋಲ್ ಇ^(−0.1) = 0.9048. ಇನ್‌ಪುಟ್ ಎರಡು ಸ್ಯಾಂಪಲ್‌ಗಳ ನಡುವೆ ಬದಲಾಗದೆ ನಿಂತಿರುತ್ತದೆ ಅಂತ ಭಾವಿಸಿದರೆ, ಅಂದರೆ ಝೀರೊ ಆರ್ಡರ್ ಹೋಲ್ಡ್ ಹಿಡಿದರೆ, ಟ್ರಾನ್ಸ್‌ಫರ್ ಫಂಕ್ಷನ್ 0.0952/(ಝಡ್ − 0.9048). ಅದನ್ನು ಬಿಡಿಸಿ ಬರೆದರೆ ಕೋಡ್ ಸಿಕ್ಕೇಬಿಟ್ಟಿತು:

ವೈ[ಎನ್] = 0.9048·ವೈ[ಎನ್−1] + 0.0952·ಎಕ್ಸ್[ಎನ್−1]

ಸ್ಟೆಪ್ ಕೊಟ್ಟು 10ನೇ ಸ್ಯಾಂಪಲ್ ನೋಡಿ, ಅಂದರೆ 0.1 ಸೆಕೆಂಡ್ ಆದಾಗ. 1 − 0.9048^10 = 0.632. ಹಂತ 4ರಲ್ಲಿ ಲ್ಯಾಪ್ಲಾಸ್ ಕೊಟ್ಟ ಸಂಖ್ಯೆಯೇ ಇದು.

ಎಲ್ಲ ಸಲ ಇಷ್ಟು ಸಲೀಸಾಗಿ ಇ^(ಎಸ್·ಡೆಲ್ಟಾ) ಹಾಕಲು ಆಗುವುದಿಲ್ಲ, ಅದಕ್ಕೆ ಅಂದಾಜು ದಾರಿಗಳಿವೆ. ಫಾರ್ವರ್ಡ್ ಆಯ್ಲರ್‌ನಲ್ಲಿ ಎಸ್ ಬದಲು (ಝಡ್ − 1)/ಡೆಲ್ಟಾ ಹಾಕುತ್ತಾರೆ. ಪೋಲ್ 1 − 10·ಡೆಲ್ಟಾ ಆಗುತ್ತದೆ. ಡೆಲ್ಟಾ 0.01 ಇದ್ದರೆ 0.9, ಪರವಾಗಿಲ್ಲ. ಡೆಲ್ಟಾವನ್ನು 0.25 ಮಾಡಿ ನೋಡಿ: ಪೋಲ್ −1.5, ವೃತ್ತದ ಹೊರಗೆ! ಸ್ಟೆಪ್ ಕೊಟ್ಟರೆ ಔಟ್‌ಪುಟ್ 0, 2.5, −1.25, 4.375, −4.0625 ಅಂತ ಹುಚ್ಚೆದ್ದು ಕುಣಿಯುತ್ತದೆ. ಒಂದು ಬಡಪಾಯಿ ರೆಸಿಸ್ಟರ್, ಒಂದು ಕೆಪಾಸಿಟರ್. ಅವೆರಡೂ ಸೇರಿ ಯಾವತ್ತೂ ಹೀಗೆ ಮಾಡಲಾರವು. ತಪ್ಪು ಪೂರ್ತಿ ಅಂದಾಜಿನದ್ದು. ಸಿಮ್ಯುಲೇಶನ್ ಕಾರಣವಿಲ್ಲದೆ ಸ್ಫೋಟಗೊಂಡರೆ ಮೊದಲು ಇದನ್ನೇ ಅನುಮಾನಿಸಿ.

ಬ್ಯಾಕ್‌ವರ್ಡ್ ಆಯ್ಲರ್‌ನಲ್ಲಿ ಪೋಲ್ 1/(1 + 10·ಡೆಲ್ಟಾ). ಅದೇ 0.25ಕ್ಕೆ 0.286 ಬರುತ್ತದೆ. ಸ್ಥಿರವಾಗಿಯೇ ಇರುತ್ತದೆ, ಆದರೆ ನಿಖರತೆ ಅಷ್ಟಕ್ಕಷ್ಟೆ.

ಫಿಲ್ಟರ್ ಮಾಡುವವರು ಜಾಸ್ತಿ ಬಳಸುವುದು ಟಸ್ಟಿನ್ ವಿಧಾನ. ಇದಕ್ಕೆ ಬೈಲಿನಿಯರ್ ಅಂತಲೂ ಹೆಸರು. ಎಸ್ ಬದಲು (2/ಡೆಲ್ಟಾ)·(ಝಡ್ − 1)/(ಝಡ್ + 1). ಡೆಲ್ಟಾ 0.01 ಹಾಕಿ ನಮ್ಮ ಸರ್ಕ್ಯೂಟ್‌ಗೆ ಹಚ್ಚಿದರೆ 10(ಝಡ್ + 1)/(210·ಝಡ್ − 190). ಪೋಲ್ 190/210 = 0.90476. ನಿಜವಾದದ್ದು 0.90484. ಇದರಲ್ಲಿ ಎಡ ಅರ್ಧದ ಪೋಲ್ ಯಾವತ್ತೂ ವೃತ್ತದ ಹೊರಗೆ ಹೋಗುವುದಿಲ್ಲ.

ಆದರೆ ಟಸ್ಟಿನ್ ಫ್ರೀಕ್ವೆನ್ಸಿಯನ್ನು ಹಿಂಡುತ್ತದೆ. ಸೆಕೆಂಡಿಗೆ 1000 ಸ್ಯಾಂಪಲ್ ಇದ್ದಾಗ, ಡಿಜಿಟಲ್ ಫಿಲ್ಟರ್ 200 ಹರ್ಟ್ಸ್‌ನಲ್ಲಿ ಕತ್ತರಿಸಬೇಕು ಅಂದರೆ ಅನಲಾಗ್ ಮಾದರಿಯನ್ನು 231 ಹರ್ಟ್ಸ್‌ಗೆ ಬರೆದುಕೊಳ್ಳಬೇಕು. ಲೆಕ್ಕ ಹೀಗೆ: (2/ಡೆಲ್ಟಾ)·ಟ್ಯಾನ್(ಒಮೆಗಾ·ಡೆಲ್ಟಾ/2). ಒಮೆಗಾ ಅಂದರೆ 2·ಪೈ·200. ಬರುವುದು ಸೆಕೆಂಡಿಗೆ 1453 ರೇಡಿಯನ್, ಅದು 231 ಹರ್ಟ್ಸ್. ಇದಕ್ಕೆ ಪ್ರಿವಾರ್ಪಿಂಗ್ ಅನ್ನುತ್ತಾರೆ. ಕಡಿಮೆ ಫ್ರೀಕ್ವೆನ್ಸಿಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಸ್ಯಾಂಪ್ಲಿಂಗ್‌ನ ಅರ್ಧದ ಹತ್ತಿರ ಹೋದಂತೆ ಕಾಡುತ್ತದೆ.

ನಡುವೆ: ಆರ್‌ಒಸಿ ಯಾಕೆ ಬೇಕು

ರೀಜನ್ ಆಫ್ ಕನ್ವರ್ಜೆನ್ಸ್ (ಆರ್‌ಒಸಿ), ಅಂದರೆ ಇಂಟಿಗ್ರಲ್ ಅಥವಾ ಮೊತ್ತ ಒಂದು ಬೆಲೆಗೆ ಬಂದು ನಿಲ್ಲುವ ಎಸ್ ಅಥವಾ ಝಡ್‌ಗಳ ಪ್ರದೇಶವನ್ನು, ಸುಮ್ನೆ ಅಂಕಕ್ಕಾಗಿ ಬರೆಯುವುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಎ^ಎನ್ ಸಾಲು ಸೊನ್ನೆಯಿಂದ ಬಲಕ್ಕೆ ಹೋದರೂ, −ಎ^ಎನ್ ಸಾಲು −1ರಿಂದ ಎಡಕ್ಕೆ ಹೋದರೂ ಉತ್ತರ ಒಂದೇ, ಝಡ್/(ಝಡ್ − ಎ). ಮೊದಲನೆಯದರ ಆರ್‌ಒಸಿ ಎ ಅಳತೆಯ ವೃತ್ತದ ಹೊರಗೆ, ಎರಡನೆಯದರದ್ದು ಒಳಗೆ. ಆರ್‌ಒಸಿ ಬರೆಯದಿದ್ದರೆ ಯಾವ ಸಿಗ್ನಲ್ ಅಂತಲೇ ಗೊತ್ತಾಗುವುದಿಲ್ಲ. ಹಾಗಂತ ತಲೆಕೆಡಿಸಿಕೊಳ್ಳಬೇಕಿಲ್ಲ. ನಿಜವಾದ ಸಮಯದಲ್ಲಿ ಓಡುವ ಸಿಗ್ನಲ್ ಎಲ್ಲ ಬಲಗಡೆಯವೇ. ಅವುಗಳಿಗೆ ಕಟ್ಟಕಡೆಯ ಪೋಲ್‌ನಿಂದ ಆಚೆಗೆ ಅಂತ ಇಟ್ಟುಕೊಳ್ಳಿ. ಇ^(ಟಿ²) ಥರದ ಕೆಲವು ಸಿಗ್ನಲ್‌ಗಳಿಗೆ ಲ್ಯಾಪ್ಲಾಸೇ ಇಲ್ಲ, ಯಾವ ಎಸ್ ಹಾಕಿದರೂ ಇಂಟಿಗ್ರಲ್ ನಿಲ್ಲುವುದಿಲ್ಲ.

ಹಂತ 7: ಪೋಲ್ ಝೀರೋ ಇಟ್ಟು ಫಿಲ್ಟರ್ ಕಟ್ಟಿ

ಈಗ ಮಜಾ ಇರುವ ಭಾಗ. ಸೆನ್ಸರ್ ಸಿಗ್ನಲ್‌ನಲ್ಲಿ ಕರೆಂಟ್ ಲೈನ್‌ನಿಂದ ಬಂದ 50 ಹರ್ಟ್ಸ್ ಗುಂಯ್ ಸೇರಿದೆ, ತೆಗೆಯಬೇಕು. ಸ್ಯಾಂಪ್ಲಿಂಗ್ ಸೆಕೆಂಡಿಗೆ 1000. ಯಾವುದೇ ಅನಲಾಗ್ ಮಾದರಿ ಇಲ್ಲದೆ ನೇರವಾಗಿ ಝಡ್‌ನಲ್ಲೇ ಕಟ್ಟಬಹುದು.

50 ಹರ್ಟ್ಸ್ ಅಂದರೆ 18 ಡಿಗ್ರಿ ಅಂತ ಆಗಲೇ ನೋಡಿದೆವು. ವೃತ್ತದ ಮೇಲೆ +18 ಮತ್ತು −18 ಡಿಗ್ರಿಯಲ್ಲಿ ಒಂದೊಂದು ಝೀರೋ, ಅಂದರೆ ಅಂಶವನ್ನು ಸೊನ್ನೆ ಮಾಡುವ ಝಡ್‌ನ ಬೆಲೆ, ಇಡಿ. ಅಂಶ 1 − 2·ಕಾಸ್ 18°·ಝಡ್^(−1) + ಝಡ್^(−2), ಅಂದರೆ ನಡುವಿನ ಸಂಖ್ಯೆ 1.9021. 50 ಹರ್ಟ್ಸ್ ಪೂರ್ತಿ ಸತ್ತಿತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅಕ್ಕಪಕ್ಕದ್ದೂ ಸಾಯುತ್ತದೆ. ಝಡ್ = 1 ಹಾಕಿ ನೋಡಿ, ನಿಧಾನವಾಗಿ ಬದಲಾಗುವ ಸಿಗ್ನಲ್‌ಗೆ ಗೇನ್, ಅಂದರೆ ಔಟ್‌ಪುಟ್ ಇನ್‌ಪುಟ್‌ನ ಎಷ್ಟು ಪಟ್ಟು ಅನ್ನುವುದು, ಬರೀ 0.098.

ಪರಿಹಾರ ಏನೆಂದರೆ ಝೀರೋ ಬೆನ್ನಿಗೇ ಒಂದು ಪೋಲ್ ಇಡುವುದು. ಅದೇ ಕೋನ, ಆದರೆ ಅಳತೆ 0.95. ಛೇದ 1 − 1.8070·ಝಡ್^(−1) + 0.9025·ಝಡ್^(−2). 18 ಡಿಗ್ರಿಯಿಂದ ದೂರ ನಿಂತು ನೋಡಿದರೆ ಪೋಲ್ ಮತ್ತು ಝೀರೋ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದ್ದು ಒಂದನ್ನೊಂದು ಹೊಡೆದುಹಾಕುತ್ತವೆ. ಝಡ್ = 1ರಲ್ಲಿ ಗೇನ್ ಈಗ 1.025. ಕೋಡ್ ಸಾಲು:

ವೈ[ಎನ್] = ಎಕ್ಸ್[ಎನ್] − 1.9021·ಎಕ್ಸ್[ಎನ್−1] + ಎಕ್ಸ್[ಎನ್−2] + 1.8070·ವೈ[ಎನ್−1] − 0.9025·ವೈ[ಎನ್−2]

ಛೇದದ ಸಂಖ್ಯೆಗಳು ಕೋಡ್‌ಗೆ ಬರುವಾಗ ಚಿಹ್ನೆ ತಿರುಗಿವೆ, ಗಮನಿಸಿ. ಇಲ್ಲೇ ಬಹಳ ಕೋಡ್ ಹಾಳಾಗುವುದು. 0.95ನ್ನು 0.99 ಮಾಡಿದರೆ ಇನ್ನೂ ಚೂಪಾಗಿ ಕತ್ತರಿಸುತ್ತದೆ. ಆದರೆ ಪೋಲ್ ವೃತ್ತಕ್ಕೆ ಹತ್ತಿರ ಬಂದಷ್ಟೂ ಫಿಲ್ಟರ್ ನೆಲೆಗೊಳ್ಳಲು ಜಾಸ್ತಿ ಸಮಯ ಹಿಡಿಯುತ್ತದೆ. ಎರಡೂ ಬೇಕು ಅಂದರೆ ಆಗದು.

ಹಂತ 8: ಕಂಪ್ಯೂಟರ್‌ನಲ್ಲಿ ಖಾತ್ರಿ, ಆಮೇಲೆ ಚಿಪ್‌ಗೆ

ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಪಾರ್ಶಿಯಲ್ ಫ್ರ್ಯಾಕ್ಷನ್ ಒಡೆಯಲು ಎರಡು ಫಂಕ್ಷನ್ ಇವೆ, ರೆಸಿಡ್ಯೂ ಮತ್ತು ರೆಸಿಡ್ಯೂಝಡ್. ಝಡ್^(−1)ನಲ್ಲಿ ಬರೆದ ಭಿನ್ನರಾಶಿಗೆ ಎರಡನೆಯದನ್ನೇ ಬಳಸಿ. ಅನಲಾಗ್‌ನಿಂದ ಡಿಜಿಟಲ್‌ಗೆ ತರುವ ಫಂಕ್ಷನ್ ಸೈಪೈನಲ್ಲೂ ಮ್ಯಾಟ್‌ಲ್ಯಾಬ್‌ನಲ್ಲೂ ಏನೂ ಹೇಳದಿದ್ದರೆ ಝೀರೊ ಆರ್ಡರ್ ಹೋಲ್ಡ್ ಹಿಡಿಯುತ್ತದೆ. ಟಸ್ಟಿನ್ ಬೇಕಿದ್ದರೆ ನೀವೇ ಹೇಳಬೇಕು. ಕೈಲೆಕ್ಕಕ್ಕೂ ಕಂಪ್ಯೂಟರ್‌ಗೂ ತಾಳೆಯಾಗದಿದ್ದರೆ ಮೊದಲು ಇದನ್ನು ನೋಡಿ. ಎರಡನೇ ಆರ್ಡರ್‌ಗಿಂತ ದೊಡ್ಡ, ಅಂದರೆ ಎರಡಕ್ಕಿಂತ ಹೆಚ್ಚು ಪೋಲ್ ಇರುವ, ಫಿಲ್ಟರ್ ಆದರೆ ಒಂದೇ ಉದ್ದ ಸಮೀಕರಣ ಬರೆಯಬೇಡಿ. ಎರಡೆರಡು ಪೋಲ್‌ಗಳ ತುಂಡು ಮಾಡಿ ಸಾಲಾಗಿ ಜೋಡಿಸಿ. ಉದ್ದ ಸಮೀಕರಣದಲ್ಲಿ ಒಂದು ಸಂಖ್ಯೆ ಸ್ವಲ್ಪ ಕದಲಿದರೂ ಎಲ್ಲ ಪೋಲ್‌ಗಳೂ ಜಾಗ ಬಿಡುತ್ತವೆ.

ಸ್ಯಾಂಪ್ಲಿಂಗ್ ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅನ್ನುವ ಮಾತನ್ನೂ ಹಾಗೇ ಒಪ್ಪಬೇಡಿ. ನಮ್ಮ 0.1 ಸೆಕೆಂಡಿನ ಸರ್ಕ್ಯೂಟ್ ಅನ್ನೇ ಸೆಕೆಂಡಿಗೆ 48000 ಸ್ಯಾಂಪಲ್‌ನಲ್ಲಿ ಓಡಿಸಿ. ಪೋಲ್ 0.99979, ಇನ್‌ಪುಟ್‌ನ ಗುಣಕ 0.00021. ಚಿಪ್‌ನಲ್ಲಿ ದಶಮಾಂಶದ ಭಾಗಕ್ಕೆ ಬರೀ 8 ಬಿಟ್ ಕೊಟ್ಟಿದ್ದರೆ ಅತಿ ಸಣ್ಣ ಹೆಜ್ಜೆಯೇ 1/256, ಅಂದರೆ 0.0039. ಮೊದಲ ಸಂಖ್ಯೆ 1 ಆಗಿಬಿಡುತ್ತದೆ, ಎರಡನೆಯದು 0. ಇನ್‌ಪುಟ್ ಏನೇ ಕೊಟ್ಟರೂ ಔಟ್‌ಪುಟ್ ಇದ್ದಲ್ಲೇ ಇರುತ್ತದೆ. ಇಲ್ಲಿ ಸ್ಯಾಂಪ್ಲಿಂಗ್ ಇಳಿಸಿ, ಇಲ್ಲವೇ ಕನಿಷ್ಠ 24 ಬಿಟ್ ಕೊಡಿ.